ಮೇಳದಲ್ಲಿ ಕಸೂತಿ ಮಳಿಗೆ ಹಾಕ್ತೀರಾ? ಮೊದಲು ತಾಸಿನ ಲೆಕ್ಕ ಹಾಕ್ರಿ

ಧಾರವಾಡ: ಯಾವುದೇ ಕರಕುಶಲ ಮೇಳಕ್ಕೆ ಹೋಗಿ, ಕಸೂತಿ ಮಳಿಗೆ ಮುಂದೆ ಹತ್ತು ನಿಮಿಷ ನಿಂತುಕೊಳ್ಳಿ. ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ.

“ಎಷ್ಟ್ರಿ ಅಕ್ಕಾರ ಈ ಕುಶನ್ ಕವರ್?”

“ಒಂಬೈನೂರ್ರಿ.”

“ಅಯ್ಯ ಶಿವನ! ಆ ಕಡೆ ಅಂಗಡ್ಯಾಗ ಇಂಥಾದ್ದ ಮುನ್ನೂರಕ್ಕ ಕೊಡಾಕತ್ತಾರ.”

ಇದಾದ ಮೇಲೆ ಮಳಿಗೆಯ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಏಳುನೂರು, ಆರುನೂರು ಅಂತ ಇಳಿದು, ಕೊನೆಗೆ “ಹೋಗ್ಲಿ ಬಿಡ್ರಿ, ನಾನೂರೈವತ್ತು ಕೊಡ್ರಿ” ಅಂತ ಕಟ್ಟಿಕೊಟ್ಟುಬಿಡುತ್ತಾರೆ. ಬೋಣಿ ಆಯ್ತು, ಕೈಗೆ ರೊಕ್ಕ ಬಂತು ಅನ್ನೋ ಸಮಾಧಾನ. ಆದರೆ ಆ ಕವರಿನ ಮೇಲೆ ಅವರು ಕೂತು ಹಾಕಿದ ಹತ್ತು ತಾಸಿಗೆ ಎಷ್ಟು ಸಿಕ್ಕಿತು? ಕೆಳಗೆ ಲೆಕ್ಕ ಕೊಟ್ಟಿದ್ದೇವೆ. ತಾಸಿಗೆ ಹತ್ತು ರೂಪಾಯಿ ಕೂಡ ಬೀಳುವುದಿಲ್ಲ.

ದಸರಾ ಮುಗಿದರೆ ಯುಗಾದಿ ತನಕ ನಮ್ಮ ಭಾಗದಲ್ಲಿ ಉತ್ಸವ, ಜಾತ್ರೆ, ಮೇಳಗಳ ಕಾಲ. ಸ್ವಸಹಾಯ ಸಂಘದ ಮಹಿಳೆಯರು, ಮನೆಯಲ್ಲೇ ಕಸೂತಿ ಹಾಕುವವರು, ಟೇಲರಿಂಗ್ ಅಂಗಡಿಯವರು “ನಾವೂ ಒಂದು ಸ್ಟಾಲ್ ಹಾಕೋಣ” ಅಂತ ಯೋಚಿಸುವ ಸಮಯ ಇದು. ಹಾಕಿ, ತಪ್ಪೇನಿಲ್ಲ. ಆದರೆ ಮಳಿಗೆ ಅಂದರೆ ಬರೀ ಟೇಬಲ್ಲು, ಬ್ಯಾನರು ಅಂದುಕೊಳ್ಳಬೇಡಿ. ಕೈಯಿಂದ ಮಾಡಿದ ಕೆಲಸದ ಬೆಲೆ ಗಿರಾಕಿಗೆ ಕಣ್ಣಿಗೆ ಕಾಣಬೇಕು. ಅದು ಕಂಡರೆ ಒಂಬೈನೂರು ಹುಟ್ಟುತ್ತದೆ, ಕಾಣದಿದ್ದರೆ ನಾನೂರೈವತ್ತೂ ಜಾಸ್ತಿಯೇ.

ಬಟ್ಟೆ ತಿರುವಿ ತೋರಿಸಿ

ಧಾರವಾಡದ ಕಸೂತಿಗೆ ಮುಖ್ಯವಾಗಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಗವಂತಿಯಲ್ಲಿ ಸೂಜಿ ಒಂದು ಸಲ ಬಿಟ್ಟು ಬಿಟ್ಟು ಹೋಗುತ್ತದೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಮುರ್ಗಿ ಕೂಡ ಹಾಗೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಅಂಕುಡೊಂಕು ಸಾಗುತ್ತದೆ. ನೇಯ್ಗಿ ನೋಡಿದರೆ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತಿ ಅಂದರೆ ಅಡ್ಡ-ಉದ್ದ ದಾಟುವ ಹೊಲಿಗೆ, ತುಂಬು ಕೆಲಸ, ದಾರ ಹೆಚ್ಚು ತಿನ್ನುತ್ತದೆ.

ಹಳೆಯ ಪದ್ಧತಿಯಲ್ಲಿ ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಹಾಕುವುದಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಗೋಪುರ, ರಥ, ಆನೆ, ನವಿಲು, ತುಳಸಿ ಕಟ್ಟೆ, ತೊಟ್ಟಿಲು ಎಲ್ಲಾ ಮೂಡಬೇಕು. ಎಳೆ ಎಣಿಸಲು ಬಾರದ ಬಟ್ಟೆಯಾದರೆ ಮೇಲೆ ಕ್ಯಾನ್ವಾಸ್ ಇಟ್ಟು ಹೊಲಿದು, ಆಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದೇ ಎಳೆದು ತೆಗೆಯುತ್ತಾರೆ. ಒಂದು ಎಳೆ ತಪ್ಪಿದರೆ ವಿನ್ಯಾಸ ಕೂಡುವುದಿಲ್ಲ, ಬಿಚ್ಚಿ ಮತ್ತೆ ಹಾಕಬೇಕು. ಇನ್ನೊಂದು ವಿಶೇಷ, ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಹಾಕಿದ ಬಟ್ಟೆಯನ್ನು ತಿರುವಿದರೆ ಹಿಂದೆಯೂ ಮುಂದಿನಂತೆಯೇ ಇರುತ್ತದೆ.

ಯಂತ್ರದ ಕಸೂತಿಯನ್ನು ತಿರುವಿ ನೋಡಿ. ಹಿಂಬದಿ ಬಾಬಿನ್ ದಾರ, ಅನೇಕ ಸಲ ಬೆಂಬಲಕ್ಕೆ ಅಂಟಿಸಿದ ಕಾಗದದಂಥ ಪದರ, ಅಲ್ಲಲ್ಲಿ ಕತ್ತರಿಸಿದ ದಾರದ ತುದಿ ಕಾಣುತ್ತವೆ. ಯಂತ್ರದ ಕೆಲಸ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದರ ಬೆಲೆಯೇ ಬೇರೆ, ಗಿರಾಕಿಯೂ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮುಂಭಾಗ ಮಾತ್ರ ನೋಡುವ ಗಿರಾಕಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅವರ ತಪ್ಪಲ್ಲ ಅದು. ಯಾರೂ ತೋರಿಸಿಕೊಟ್ಟಿಲ್ಲ.

ಹಾಗಾಗಿ ನಿಮ್ಮ ಮಳಿಗೆಯಲ್ಲಿ ಮೊದಲು ಆಗಬೇಕಾದ ಕೆಲಸ ಇದು. ಒಂದು ತುಂಡು ಕೈ ಕಸೂತಿ, ಒಂದು ತುಂಡು ಯಂತ್ರದ ಕಸೂತಿ, ಎರಡನ್ನೂ ಮಾರಾಟಕ್ಕಲ್ಲದೆ ಮಾದರಿಗೆ ಅಂತ ಮುಂದೆ ಇಡಿ. ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ “ತಿರುವಿ ನೋಡಿ” ಅಂತ ಬರೆಯಿರಿ. ಗಿರಾಕಿ ಕೈಯಾರೆ ತಿರುವಿದರೆ ಅರ್ಧ ಚೌಕಾಸಿ ಅಲ್ಲೇ ಮುಗಿಯುತ್ತದೆ.

ಒಂದು ಕುಶನ್ ಕವರಿನ ಲೆಕ್ಕ

ಈಗ ಬೆಲೆ. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಬಟ್ಟೆ ದರ, ನಿಮ್ಮ ಕೈ ವೇಗ ನೋಡಿ ಬದಲಿಸಿಕೊಳ್ಳಿ.

ಬಟ್ಟೆ 90 ರೂಪಾಯಿ, ದಾರ 30, ಜಿಪ್ ಹಚ್ಚಿ ಹೊಲಿಸಿದ್ದು 40, ಚೀಟಿ ಮತ್ತು ಚೀಲ 15. ಒಟ್ಟು ಸಾಮಾನು 175 ರೂಪಾಯಿ. ಕಸೂತಿಗೆ 10 ತಾಸು. ತಾಸಿಗೆ 50 ರೂಪಾಯಿ ಹಿಡಿದರೂ ಕೂಲಿ 500. ಸಾಮಾನು, ಕೂಲಿ ಸೇರಿ 675 ರೂಪಾಯಿ.

ಬಹಳ ಮಂದಿ ಇಲ್ಲಿಗೇ ನಿಲ್ಲುತ್ತಾರೆ. ಎಷ್ಟೋ ಮಂದಿ ಕೂಲಿಯನ್ನೂ ಹಿಡಿಯುವುದಿಲ್ಲ, “ಮನ್ಯಾಗ ಕುಂತ್ ಮಾಡಿದ್ದ, ಅದಕ್ಕೇನ್ ಕೂಲಿ” ಅಂತಾರೆ. ಮೇಳದ ಖರ್ಚಂತೂ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಮೂರು ದಿನದ ಮೇಳ ಅಂದುಕೊಳ್ಳಿ. ಮಳಿಗೆ ಬಾಡಿಗೆ, ಇಬ್ಬರ ಬಸ್ಸು, ಊಟ, ವಸ್ತಿ, ಸಾಮಾನು ಸಾಗಿಸಲು ಆಟೋ ಎಲ್ಲಾ ಸೇರಿ 6,000 ರೂಪಾಯಿ ಆಯಿತು. 30,000 ರೂಪಾಯಿ ವ್ಯಾಪಾರ ಆಗಬಹುದು ಅಂತ ನಿಮ್ಮ ಅಂದಾಜು. ಅಂದರೆ ಪ್ರತಿ ನೂರು ರೂಪಾಯಿ ವ್ಯಾಪಾರದಲ್ಲಿ 20 ರೂಪಾಯಿ ಮೇಳಕ್ಕೇ ಹೋಯಿತು. ಹೊಲಸಾದ, ಬಣ್ಣ ಹೋದ, ಮಾರಾಟವಾಗದೆ ಉಳಿದ ಮಾಲಿಗೆ ಇನ್ನೊಂದು 5 ರೂಪಾಯಿ ತೆಗೆದಿಡಿ. ನೂರರಲ್ಲಿ 25 ಹೋಗಿ 75 ಉಳಿಯಿತು. ಈ 75ರಲ್ಲಿ ನಿಮ್ಮ ಸಾಮಾನು, ಕೂಲಿ ಎರಡೂ ಹುಟ್ಟಬೇಕು.

ಇದಕ್ಕೆ ಸುಲಭದ ದಾರಿ: ಸಾಮಾನು, ಕೂಲಿ ಕೂಡಿಸಿ, ಮೂರರಿಂದ ಭಾಗಿಸಿ, ನಾಲ್ಕರಿಂದ ಗುಣಿಸಿ. 675ನ್ನು ಮೂರರಿಂದ ಭಾಗಿಸಿದರೆ 225, ನಾಲ್ಕರಿಂದ ಗುಣಿಸಿದರೆ 900. ಆ ಅಕ್ಕ ಮೊದಲು ಹೇಳಿದ ಬೆಲೆ ಬಾಯಿಗೆ ಬಂದದ್ದಲ್ಲ, ಸರಿಯಾದ ಲೆಕ್ಕವೇ ಆಗಿತ್ತು.

ಈಗ 450ಕ್ಕೆ ಕೊಟ್ಟರೆ ಏನಾಗುತ್ತದೆ ನೋಡಿ. ಸಾಮಾನಿನ 175 ಹೋಯಿತು. ಆ ಕವರಿನ ಪಾಲಿಗೆ ಬಂದ ಮೇಳದ ಖರ್ಚು 180. ನೀವು ಬೆಲೆ ಇಳಿಸಿದಿರಿ ಅಂತ ಮಳಿಗೆ ಬಾಡಿಗೆಯೇನೂ ಇಳಿಯುವುದಿಲ್ಲ. ಉಳಿದದ್ದು 95 ರೂಪಾಯಿ. ಹತ್ತು ತಾಸಿಗೆ ಹಂಚಿದರೆ ತಾಸಿಗೆ ಒಂಬತ್ತೂವರೆ ರೂಪಾಯಿ. ಊರಲ್ಲಿ ಕಳೆ ತೆಗೆಯೋಕೆ ಹೋದರೂ ಇದಕ್ಕಿಂತ ಹೆಚ್ಚು ಸಿಗುತ್ತದೆ.

“ಅಷ್ಟು ಬೆಲೆಗೆ ನಮ್ಮ ಕಡೆ ಯಾರೂ ತಗೊಳ್ಳೋದಿಲ್ಲ” ಅಂತ ನೀವು ಹೇಳಬಹುದು. ಖರೆ. ಆಗ ಕೂಲಿ ಇಳಿಸಬೇಡಿ, ತಾಸು ಇಳಿಸಿ. ಕವರಿನ ತುಂಬಾ ಕಸೂತಿ ಬದಲು ಒಂದು ಮೂಲೆಯಲ್ಲಿ ಒಂದೇ ಗೋಪುರ ಹಾಕಿ. ಹತ್ತು ತಾಸಿನ ಕೆಲಸ ನಾಲ್ಕು ತಾಸಿಗೆ ಬರುತ್ತದೆ. ಸಾಮಾನು 175, ಕೂಲಿ 200, ಒಟ್ಟು 375. ಭಾಗಿಸಿ ಗುಣಿಸಿದರೆ 500 ರೂಪಾಯಿ. ಗಿರಾಕಿಗೂ ಹೊಂದುತ್ತದೆ, ನಿಮ್ಮ ಕೂಲಿಯೂ ಉಳಿಯುತ್ತದೆ.

ಮೂರು ಥರದ ಮಾಲು ಇರಲಿ

ಮಳಿಗೆಯಲ್ಲಿ ಎಲ್ಲಾ ದೊಡ್ಡ ಬೆಲೆಯ ಮಾಲೇ ಇದ್ದರೆ ಜನ ನೋಡಿ ಹೋಗುತ್ತಾರೆ. ಎಲ್ಲಾ ಸಣ್ಣದೇ ಇದ್ದರೆ ಬಾಡಿಗೆ ಹುಟ್ಟುವುದಿಲ್ಲ. ಮೂರು ಮೆಟ್ಟಿಲು ಮಾಡಿಕೊಳ್ಳಿ.

ಮೊದಲನೆಯದು, ಕೈಗೆ ಸಿಕ್ಕರೆ ತಗೊಂಡೇಬಿಡುವಂಥದ್ದು. ಪುಸ್ತಕದ ಗುರುತುಪಟ್ಟಿ, ಕೀ ಚೈನ್, ಸಣ್ಣ ಪರ್ಸು, ಮೂಲೆಯಲ್ಲಿ ಹೂವಿರುವ ಕರವಸ್ತ್ರ. ಗುರುತುಪಟ್ಟಿಗೆ ಸಾಮಾನು 15, ಒಂದೂವರೆ ತಾಸಿನ ಕೂಲಿ 75, ಒಟ್ಟು 90. ಬೆಲೆ 120. ಕಾಲೇಜು ಹುಡುಗರು, ಮಕ್ಕಳನ್ನು ಕರೆದುಕೊಂಡು ಬಂದವರು ಇಲ್ಲಿಂದಲೇ ಶುರು ಮಾಡುತ್ತಾರೆ.

ಎರಡನೆಯದು, ಉಡುಗೊರೆಗೆ ಆಗುವಂಥದ್ದು. ಕುಶನ್ ಕವರ್, ದುಪಟ್ಟಾ, ಕುಪ್ಪಸದ ಕಣ, ಕೈಚೀಲ, ಗೋಡೆಗೆ ಹಾಕುವ ಚೌಕಟ್ಟು. ವ್ಯಾಪಾರದ ದೊಡ್ಡ ಪಾಲು ಇಲ್ಲಿಂದಲೇ ಬರಬೇಕು.

ಮೂರನೆಯದು, ಇಳಕಲ್ ಸೀರೆ ಅಥವಾ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ತುಂಬು ಕಸೂತಿ. ಮೂರು ದಿನದಲ್ಲಿ ಒಂದು ಮಾರಿದರೂ ಸಾಕು, ಮಾರದಿದ್ದರೂ ನಷ್ಟವಿಲ್ಲ. ಅದನ್ನು ನೋಡಿಯೇ ಜನ ಮಳಿಗೆಗೆ ಬರುತ್ತಾರೆ. ಸೆರಗು ಪೂರ್ತಿ ಬಿಡಿಸಿ, ಎತ್ತರಕ್ಕೆ ಹಿಂಬದಿಯಲ್ಲಿ ತೂಗುಹಾಕಿ. ಮಡಚಿ ಪ್ಲಾಸ್ಟಿಕ್ಕಿನಲ್ಲಿ ಇಟ್ಟ ಸೀರೆ ಇದ್ದೂ ಇಲ್ಲದಂತೆ.

ಎರಡು ತಿಂಗಳ ಮುಂಚೆ ಶುರು ಮಾಡಬೇಕು

30,000 ರೂಪಾಯಿ ವ್ಯಾಪಾರ ಆಗಬೇಕಾದರೆ ಅಷ್ಟೇ ಬೆಲೆಯ ಮಾಲು ತಗೊಂಡು ಹೋದರೆ ಸಾಲದು. ಎರಡನೇ ದಿನಕ್ಕೆ ಒಳ್ಳೊಳ್ಳೆಯದೆಲ್ಲಾ ಹೋಗಿ, ಉಳಿದದ್ದು ಖಾಲಿ ಟೇಬಲ್ ಮೇಲೆ ಬಡವಾಗಿ ಕಾಣುತ್ತದೆ. ಎರಡು ಪಟ್ಟು, ಅಂದರೆ 60,000 ರೂಪಾಯಿಯ ಮಾಲು ಬೇಕು.

ಮೇಲಿನ ಲೆಕ್ಕದಂತೆ ಬೆಲೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೂಲಿಯೇ. 60,000ದ ಮಾಲಿನಲ್ಲಿ ಸುಮಾರು 34,000 ರೂಪಾಯಿ ಕೂಲಿ ಇರುತ್ತದೆ. ತಾಸಿಗೆ 50 ಹಿಡಿದರೆ 680 ತಾಸು. ಮನೆಗೆಲಸ, ಹೊಲ, ಮಕ್ಕಳ ಶಾಲೆ ಮುಗಿಸಿ ಒಬ್ಬರು ದಿನಕ್ಕೆ 4 ತಾಸು ಕೂಡ್ರಬಹುದು. ಐದು ಜನರ ಗುಂಪಾದರೆ ದಿನಕ್ಕೆ 20 ತಾಸು, ಒಟ್ಟು 34 ದಿನ. ಹಬ್ಬ, ಮದುವೆ, ಜ್ವರ, ಸುಗ್ಗಿ ಎಲ್ಲಾ ಸೇರಿಸಿದರೆ ಎರಡು ತಿಂಗಳು ಬೇಕೇ ಬೇಕು. ಒಬ್ಬರೇ ಆದರೆ ಈ ಗಾತ್ರದ ಮೇಳ ಹಿಡಿಯಲೇಬೇಡಿ. ನಿಮ್ಮ ಊರಿನ ಜಾತ್ರೆ, ಕಾಲೇಜಿನ ಒಂದು ದಿನದ ಮೇಳ, ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಸಂಘದ ಜೊತೆ ಅರ್ಧ ಟೇಬಲ್, ಇಷ್ಟರಿಂದ ಶುರು ಮಾಡಿ.

ಇನ್ನೊಂದು ಲೆಕ್ಕ. 30,000 ಅಂದರೆ ದಿನಕ್ಕೆ 10,000. ಒಬ್ಬ ಗಿರಾಕಿ ಸರಾಸರಿ 250 ರೂಪಾಯಿಯದು ತಗೊಂಡರೆ ದಿನಕ್ಕೆ 40 ಗಿರಾಕಿ ಬೇಕು. ಎಂಟು ತಾಸು ಮಳಿಗೆ ತೆರೆದಿದ್ದರೆ ತಾಸಿಗೆ ಐದು ಬಿಲ್ಲು. ಆ ಮೇಳಕ್ಕೆ ಅಷ್ಟು ಜನ ಬರುತ್ತಾರಾ, ಬಂದವರು ಬಟ್ಟೆ ಕೊಳ್ಳುವವರಾ, ಭಜಿ ತಿಂದು ಹೋಗುವವರಾ? ಹಿಂದಿನ ವರ್ಷ ಮಳಿಗೆ ಹಾಕಿದವರನ್ನು ಕೇಳಿಯೇ ಬಾಡಿಗೆ ಕಟ್ಟಿ. ವಾಟ್ಸಾಪಿನಲ್ಲಿ ಬಂದ ಪೋಸ್ಟರ್ ನೋಡಿ ಅಡ್ವಾನ್ಸ್ ಕಳಿಸಬೇಡಿ. ಜಾಗ ಯಾವುದು, ಅನುಮತಿ ಯಾರದು, ರಸೀದಿ ಕೊಡುತ್ತಾರಾ, ಮೇಳ ರದ್ದಾದರೆ ರೊಕ್ಕ ವಾಪಸ್ಸಾ, ಈ ನಾಲ್ಕು ಪ್ರಶ್ನೆಗೆ ಉತ್ತರ ಬಂದ ಮೇಲೆ ಮುಂದಿನ ಮಾತು.

ಯಾವ ಮೇಳಕ್ಕೆ ಯಾರನ್ನು ಕೇಳಬೇಕು

ಸ್ವಸಹಾಯ ಸಂಘದ ಸದಸ್ಯರಿಗೆ ಸರಸ್ ಮೇಳ ಒಳ್ಳೆಯ ದಾರಿ. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದ ಜೀವನೋಪಾಯ ಯೋಜನೆಯಡಿ ಇದು ನಡೆಯುತ್ತದೆ. ನಮ್ಮ ರಾಜ್ಯದಲ್ಲಿ ಆ ಯೋಜನೆಯ ಹೆಸರು ಸಂಜೀವಿನಿ. ನಿಮ್ಮ ಒಕ್ಕೂಟದ ಮೂಲಕ, ತಾಲ್ಲೂಕು ಪಂಚಾಯ್ತಿಯಲ್ಲಿರುವ ಸಂಜೀವಿನಿ ಸಿಬ್ಬಂದಿಗೆ ಹೆಸರು ಕೊಟ್ಟಿಡಿ.

ಗಾಂಧಿ ಶಿಲ್ಪ ಬಜಾರ್‌ನಂಥ ಮೇಳಗಳು ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯ ಯೋಜನೆಯಡಿ ನಡೆಯುತ್ತವೆ. ಅಲ್ಲಿಗೆ ಕರಕುಶಲಕರ್ಮಿಯ ಗುರುತಿನ ಚೀಟಿ ಬೇಕು. ಜನರ ಬಾಯಲ್ಲಿ ಅದು ‘ಪೆಹಚಾನ್ ಕಾರ್ಡ್’. ಈ ಚೀಟಿ ಕೆಲಸ ಮಾಡುವವರ ಹೆಸರಲ್ಲೇ ಇರಬೇಕು. ಮನೆಯ ಗಂಡಸರ ಹೆಸರಲ್ಲಿ ಮಾಡಿಸಿದರೆ ಮೇಳಕ್ಕೆ ಹೋಗುವ ಹೆಣ್ಣುಮಗಳಿಗೆ ಉಪಯೋಗವಿಲ್ಲ.

ಪಿಎಂ ವಿಶ್ವಕರ್ಮ ಯೋಜನೆ ಬಗ್ಗೆಯೂ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ 18 ಕಸುಬುಗಳಿವೆ. ಅದರಲ್ಲಿ ದರ್ಜಿ ಕೆಲಸ ಇದೆ, ಕಸೂತಿ ಅಂತ ಬೇರೆ ಹೆಸರಿಲ್ಲ. ಬಟ್ಟೆ ಹೊಲಿಯುವವರು ವಿಚಾರಿಸಬಹುದು. ಉದ್ಯಮ್ ನೋಂದಣಿ ಮಾಡಿಸುವುದಾದರೆ ಸರ್ಕಾರದ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ. ‘ಉದ್ಯಮ್ ಫೀ’ ಅಂತ ಯಾರಾದರೂ ಸಾವಿರ ಕೇಳಿದರೆ ಕೊಡಬೇಡಿ.

ಹತ್ತು ಅಡಿ ಜಾಗದಲ್ಲಿ ಏನೇನು

ಸಾಮಾನ್ಯವಾಗಿ ಸಿಗುವುದು ಹತ್ತು ಅಡಿಗೆ ಹತ್ತು ಅಡಿ ಜಾಗ, ಇಲ್ಲವೇ ಬರೀ ಒಂದು ಟೇಬಲ್. ಮೊದಲು ಮನೆಯಂಗಳದಲ್ಲಿ ಸುಣ್ಣದಿಂದ ಅಷ್ಟೇ ಜಾಗ ಗುರುತು ಮಾಡಿ, ಮಾಲು ಜೋಡಿಸಿ, ಎದುರು ಹತ್ತು ಹೆಜ್ಜೆ ದೂರ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಫೋಟೋದಲ್ಲಿ ಕಸೂತಿ ಕಾಣದಿದ್ದರೆ ನಡೆದು ಹೋಗುವ ಗಿರಾಕಿಗೂ ಕಾಣುವುದಿಲ್ಲ.

ಟೇಬಲ್ಲನ್ನು ಮುಂದೆ ಅಡ್ಡ ಇಟ್ಟು ಹಿಂದೆ ಕೂಡ್ರಬೇಡಿ. ಎಲ್-ಆಕಾರದಲ್ಲಿ ಒಂದು ಬದಿಗೆ ಇಟ್ಟರೆ ಜನ ಒಳಗೆ ಬರುತ್ತಾರೆ. ಟೇಬಲ್ ಮೇಲೆ ಹೂವಿನ ಚಿತ್ರದ ಹೊದಿಕೆ ಬೇಡ, ಅದರ ಮೇಲೆ ಕಸೂತಿ ಕಳೆದುಹೋಗುತ್ತದೆ. ಒಂದೇ ಬಣ್ಣದ ಬಟ್ಟೆ ಹಾಸಿ. ಮೇಲಿನ ಲೈಟು ಹಳದಿಯದಾದರೆ ಕೆಂಪು, ಕುಂಕುಮ ಬಣ್ಣಗಳು ಬೇರೆಯೇ ಕಾಣುತ್ತವೆ, ಮನೆಗೆ ಹೋದ ಮೇಲೆ “ಬಣ್ಣ ಬೇರೆ ಕೊಟ್ಟಾರ” ಅನ್ನೋ ದೂರು ಬರುತ್ತದೆ. ಬಿಳಿ ಎಲ್‌ಇಡಿ ಬಲ್ಬು ಎರಡು, ಒಂದು ಎಕ್ಸ್‌ಟೆನ್ಶನ್ ಬಾಕ್ಸು ನಿಮ್ಮದೇ ಇರಲಿ.

ಇವುಗಳ ಜೊತೆ ಒಂದು ಟ್ರಂಕಿನಲ್ಲಿ: ತಾಡಪತ್ರಿ, ಹಗ್ಗ, ಸೇಫ್ಟಿ ಪಿನ್, ಕತ್ತರಿ, ಬಟ್ಟೆ ಕ್ಲಿಪ್ಪು, ಕನ್ನಡಿ, ಅಳತೆ ಪಟ್ಟಿ, ಬಿಲ್ ಬುಕ್, ಪೆನ್ನು, ಚಿಲ್ಲರೆ, ಬೀಗ. ದುಪಟ್ಟಾ ಮಾರುವವರು ಕನ್ನಡಿ ಮರೆಯಬಾರದು. ಮೈಮೇಲೆ ಹಾಕಿಕೊಂಡು ನೋಡಿದವರು ಸುಮ್ಮನೆ ಕೆಳಗಿಡುವುದು ಕಡಿಮೆ.

ಮಳಿಗೆಗೆ ಇಬ್ಬರು ಬೇಕು. ಒಬ್ಬರು ಮಾತಾಡಿ ಬಿಲ್ ಹಾಕಬೇಕು, ಇನ್ನೊಬ್ಬರು ಅಲ್ಲೇ ಕೂತು ಕಸೂತಿ ಹಾಕಬೇಕು. ಸೂಜಿ ಆಡುವುದನ್ನು ನೋಡಲು ಜನ ನಿಂತೇ ನಿಲ್ಲುತ್ತಾರೆ. ಮಕ್ಕಳು ಕೇಳುತ್ತಾರೆ, ಅಜ್ಜಿಯರು “ನಮ್ಮವ್ವನೂ ಹಿಂಗ ಹಾಕ್ತಿದ್ಲು” ಅಂತ ಕೂಡ್ರುತ್ತಾರೆ. ಇದಕ್ಕಿಂತ ದೊಡ್ಡ ಜಾಹೀರಾತಿಲ್ಲ. ಮೇಳ ಹಿಡಿಯುವ ಮುಂಚೆ ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ, ರಾತ್ರಿ ಮಾಲು ಎಲ್ಲಿಡಬೇಕು, ಉಳಿಯುವ ವ್ಯವಸ್ಥೆ ಏನು ಅಂತ ಸಂಘಟಕರನ್ನು ನಾಚಿಕೆ ಬಿಟ್ಟು ಕೇಳಿ.

ಚೀಟಿಯಲ್ಲಿ ಏನು ಬರೆಯಬೇಕು

ಪ್ರತಿ ಮಾಲಿಗೂ ಸಣ್ಣ ಚೀಟಿ ಕಟ್ಟಿ. ಹಾಕಿದವರ ಹೆಸರು, ಊರು, ಹೊಲಿಗೆಯ ಹೆಸರು, ಹಿಡಿದ ತಾಸು, ಒಗೆಯುವ ರೀತಿ, ಬೆಲೆ. “ಈ ರಥಕ್ಕೆ 10 ತಾಸು ಹಿಡಿದಿದೆ” ಅನ್ನೋ ಒಂದು ಸಾಲು ನಿಮ್ಮ ಪರವಾಗಿ ಇಡೀ ದಿನ ಮಾತಾಡುತ್ತದೆ. ಒಗೆಯುವ ರೀತಿ ಬರೆಯುವ ಮುಂಚೆ ಮನೆಯಲ್ಲಿ ಪರೀಕ್ಷೆ ಮಾಡಿ. ಹೊಸ ದಾರದ ತುಂಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ನೆನೆಸಿ, ಹಿಂಡಿ ನೋಡಿ. ಕೆಂಪು ದಾರ ಬಣ್ಣ ಬಿಟ್ಟರೆ ಹತ್ತು ತಾಸಿನ ಕೆಲಸ ಒಂದೇ ಒಗೆತಕ್ಕೆ ಹಾಳು, ನಿಮ್ಮ ಹೆಸರೂ ಹಾಳು.

ಕಸೂತಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಇದೆ. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಲ್ಲಿ ಅದು ನೋಂದಣಿಯಾಗಿದೆ. ಹಾಗಂತ ನಾವೆಲ್ಲಾ ಚೀಟಿ ಮೇಲೆ ಜಿಐ ಗುರುತು ಹಾಕಿಕೊಳ್ಳಬಹುದು ಅಂತಲ್ಲ. ಅದಕ್ಕೆ ಅಧಿಕೃತ ಬಳಕೆದಾರರಾಗಿ ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಾಗಿರಬೇಕು. ಗುಂಪಾಗಿ ಅರ್ಜಿ ಹಾಕುವ ಬಗ್ಗೆ ಸಂಘದಲ್ಲಿ ಮಾತಾಡಿ. ಅಲ್ಲಿಯ ತನಕ “ಕೈಯಿಂದ ಹಾಕಿದ ಕಸೂತಿ” ಅಂತ ಬರೆದರೆ ಸಾಕು, ಅದು ನಿಜ. ಸಂಡೂರಿನ ಲಂಬಾಣಿ ಕಸೂತಿಗೂ ಜಿಐ ಇದೆ, ಆ ಕೆಲಸ ಮಾಡುವವರಿಗೂ ಮೇಲಿನ ಬೆಲೆ ಲೆಕ್ಕ ಹಾಗೇ ಅನ್ವಯಿಸುತ್ತದೆ.

ಚೌಕಾಸಿಗೆ ಉತ್ತರ

ಚೌಕಾಸಿ ಮಾಡುವವರ ಮೇಲೆ ಸಿಟ್ಟಾಗಬೇಡಿ. ಬೆಲೆ ಕೇಳಿದವರು ಕೊಳ್ಳುವ ಮನಸ್ಸಿದ್ದವರೇ. ಅವರು “ಬಾಳ ಆತು” ಅಂದ ಕೂಡಲೇ ಬೆಲೆ ಇಳಿಸಬೇಡಿ, ಮಾಲು ತಿರುವಿ ತೋರಿಸಿ. “ಇದಕ್ಕ ಹತ್ತ್ ತಾಸ್ ಹಿಡದೈತ್ರಿ. ನಿಮಗ ಐನೂರ್ರಾಗ ಬೇಕಂದ್ರ ಇಕಾ, ಇದು ನಾಕ್ ತಾಸಿನ ಕೆಲಸ” ಅಂತ ಇನ್ನೊಂದು ಮುಂದಿಡಿ. ಬೆಲೆ ಇಳಿಯಲಿಲ್ಲ, ಗಿರಾಕಿಯೂ ಹೋಗಲಿಲ್ಲ.

ಏನಾದರೂ ಕೊಡಲೇಬೇಕು ಅನ್ನಿಸಿದರೆ ಮೂರು ತಗೊಂಡವರಿಗೆ ಒಂದು ಗುರುತುಪಟ್ಟಿ ಕೊಡಿ. ಕೊನೆಯ ದಿನ ಸಂಜೆ ಅರ್ಧ ಬೆಲೆಗೆ ಮಾತ್ರ ಮಾರಬೇಡಿ. ಮುಂದಿನ ವರ್ಷ ಅದೇ ಗಿರಾಕಿ ಕೊನೆಯ ದಿನ ಸಂಜೆಗೇ ಬರುತ್ತಾರೆ. ಪಕ್ಕದ ಮಳಿಗೆಯಲ್ಲಿ ಕೈ ಕಸೂತಿ ಹಾಕುವ ಇನ್ನೊಬ್ಬ ಅಕ್ಕ ಇದ್ದರೆ ಅವರ ಬೆಲೆಗೂ ಪೆಟ್ಟು.

ರೊಕ್ಕ, ಬಿಲ್ಲು, ತೆರಿಗೆ

ಕ್ಯೂಆರ್ ಕೋಡ್ ಸಂಘದ ಖಾತೆಯದ್ದಿರಲಿ. ಮಗನ ಫೋನಿಗೆ ಹಾಕಿಸಿಕೊಂಡರೆ ಮೇಳ ಮುಗಿದ ಮೇಲೆ ಯಾರ ಪಾಲು ಎಷ್ಟು ಅಂತ ಜಗಳ ಗ್ಯಾರಂಟಿ. ಜನ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ. ದುಡ್ಡು ಬಂದದ್ದು ಖಾತ್ರಿಯಾಗದೆ, ಗಿರಾಕಿ ಫೋನಿನ ಚಿತ್ರವಷ್ಟೇ ನೋಡಿ ಮಾಲು ಕೊಡಬೇಡಿ.

2025ರ ಜುಲೈನಲ್ಲಿ ಯುಪಿಐ ವಹಿವಾಟು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ಅಂಗಡಿಯವರಿಗೆ ನೆನಪಿದೆ. ಅದಾದ ಮೇಲೆ ಮೇಳದಲ್ಲಿ ಕ್ಯೂಆರ್ ಇಡೋಕೇ ಹೆದರುವವರಿದ್ದಾರೆ. ಬರೀ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೊಲಿಗೆಯಂಥ ಸೇವೆ ಕೊಡುವವರಿಗೆ ಮಿತಿ 20 ಲಕ್ಷ. ಮೂರು ಮೇಳ ಮಾಡುವ ಸಂಘ ಇದರ ಹತ್ತಿರಕ್ಕೂ ಹೋಗುವುದಿಲ್ಲ. ಹೊರರಾಜ್ಯದ ಮೇಳಕ್ಕೆ ಕರಕುಶಲ ಮಾಲು ಒಯ್ಯುವ ಸಣ್ಣವರಿಗೂ ಮಿತಿಯೊಳಗೆ ನೋಂದಣಿ ವಿನಾಯಿತಿ ಇದೆ, ಆದರೆ ಪ್ಯಾನ್ ಮತ್ತು ಇ-ವೇ ಬಿಲ್ ಇರಬೇಕು. ಹೊರಡುವ ಮುಂಚೆ ನಿಮ್ಮ ಲೆಕ್ಕಿಗರನ್ನು ಒಮ್ಮೆ ಕೇಳಿ. ಬಿಲ್ ಬುಕ್ ಸರಿ ಇದ್ದವರು ಹೆದರಬೇಕಿಲ್ಲ.

ಬಿಲ್ ಬುಕ್ಕಿನ ಜೊತೆ ಇನ್ನೊಂದು ನೋಟ್‌ಬುಕ್ ಇಡಿ. ಮಾರಿದ್ದನ್ನು ಬರೆಯುವುದು ಎಲ್ಲರೂ ಮಾಡುತ್ತಾರೆ. ಕೇಳಿ ಬಿಟ್ಟುಹೋದದ್ದನ್ನೂ ಬರೆಯಿರಿ. “ಆಕಾಶ ಬಣ್ಣದ್ದು ಕೇಳಿದರು, ಇರಲಿಲ್ಲ.” “ಗಂಡಸರ ಕುರ್ತಾ ಇದೆಯಾ ಅಂತ ಆರು ಜನ ಕೇಳಿದರು.” ಮುಂದಿನ ಮೇಳಕ್ಕೆ ಏನು ಮಾಡಬೇಕು ಅನ್ನೋದು ಆ ಪುಟದಲ್ಲೇ ಇರುತ್ತದೆ.

ಆರ್ಡರ್ ಬಂದರೆ ಖುಷಿಯಲ್ಲಿ ಹೂಂ ಅನ್ನಬೇಡಿ. “ದೀಪಾವಳಿಗೆ ಐವತ್ತು ಕವರ್ ಬೇಕು” ಅಂದರೆ 500 ತಾಸು. ಐದು ಜನರಿಗೆ 25 ದಿನ. ದಿನ ಇದೆಯಾ ನೋಡಿ, ಅರ್ಧ ರೊಕ್ಕ ಮುಂಗಡ ತಗೊಳ್ಳಿ, ಬಣ್ಣ ಮತ್ತು ವಿನ್ಯಾಸ ಬರೆಸಿಕೊಳ್ಳಿ.

ಅಂಗಡಿಕಾರರಿಗೆ ಒಂದು ಮಾತು

ಮೇಳ ಮೂರು ದಿನದ್ದು, ಅಂಗಡಿ ವರ್ಷಪೂರ್ತಿ ತೆರೆದಿರುತ್ತದೆ. ಮೇಳದಲ್ಲಿ ಕಸೂತಿ ನೋಡಿದ ಗಿರಾಕಿ ಆಮೇಲೆ ಬಟ್ಟೆ ಅಂಗಡಿಯಲ್ಲೇ ಕೇಳುವುದು. ನಿಮ್ಮ ಗಾಜಿನ ಪೆಟ್ಟಿಗೆಯಲ್ಲಿ ಒಂದು ಅಡಿ ಜಾಗ ಕೊಡಿ. ಮಾರಿದ ಮೇಲೆ ರೊಕ್ಕ ಕೊಡುವ ಒಪ್ಪಂದ ಮಾಡಿಕೊಂಡರೆ ನಿಮ್ಮ ಬಂಡವಾಳ ಸಿಕ್ಕಿಬೀಳುವುದಿಲ್ಲ. ಎಷ್ಟು ಮಾಲು ಕೊಟ್ಟರು, ನಿಮ್ಮ ಪಾಲು ನೂರಕ್ಕೆ ಎಷ್ಟು, ಯಾವ ತಾರೀಕಿಗೆ ಲೆಕ್ಕ, ಹಾಳಾದರೆ ಯಾರ ಹೊಣೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಮೇಳದಲ್ಲಿ ನೂರಕ್ಕೆ 20 ಖರ್ಚಾಗುತ್ತದೆ ಅಂತ ಮೇಲೆ ನೋಡಿದೆವು. ಅಂಗಡಿಗೆ ಅಷ್ಟೇ ಪಾಲು ಕೊಟ್ಟರೂ ಮಾಡುವವರಿಗೆ ನಷ್ಟವಿಲ್ಲ, ಬಸ್ಸು ಹತ್ತುವ ತ್ರಾಸೂ ಇಲ್ಲ. ಯಂತ್ರದ ಮಾಲನ್ನೂ ಧಾರಾಳವಾಗಿ ಮಾರಿ, ಅದಕ್ಕೆ ಯಂತ್ರದ್ದು ಅಂತಲೇ ಹೇಳಿ. ಕೈಯದು ಅಂತ ಹೇಳಿ ಯಂತ್ರದ್ದು ಕೊಟ್ಟರೆ ಒಬ್ಬ ಗಿರಾಕಿ ಹೋಗುವುದರ ಜೊತೆಗೆ ಊರಿನ ಹೆಸರೂ ಹೋಗುತ್ತದೆ.

ಮೇಳ ಮುಗಿಸಿ ಬಂದ ರಾತ್ರಿಯೇ ಐದೂ ಜನ ಕೂತು ಲೆಕ್ಕ ಮಾಡಿ. ಒಟ್ಟು ವ್ಯಾಪಾರದಲ್ಲಿ ಸಾಮಾನು, ಮೇಳದ ಖರ್ಚು ಕಳೆದು, ಉಳಿದದ್ದನ್ನು ಮಾರಿದ ಮಾಲಿನ ತಾಸಿನಿಂದ ಭಾಗಿಸಿ. ಬಂದ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಯಿರಿ. ಐವತ್ತು ಬಂದರೆ ಒಳ್ಳೆಯದು. ಮೂವತ್ತೈದು ಬಂದರೂ ಹೆದರಬೇಡಿ, ಎಲ್ಲಿ ಸೋರಿತು ಅಂತ ಗೊತ್ತಾಯಿತಲ್ಲ, ಮುಂದಿನ ಸಲ ಸರಿ ಮಾಡಬಹುದು. ಒಂಬತ್ತೂವರೆ ಬಂದರೆ, ಮುಂದಿನ ಮೇಳದಲ್ಲಿ “ಬಾಳ ಆತು” ಅಂದವರ ಕೈಗೆ ಬಟ್ಟೆ ಕೊಟ್ಟು ಇಷ್ಟೇ ಹೇಳಿ: “ತಿರುವಿ ನೋಡ್ರಿ ಅಕ್ಕಾರ.”